ಜಾರಿದರೆ ನೀರು

ಆ ಹಾಡನ್ನು ನಾನು ಮೊದಲು ಕೇಳಿದ್ದು ಮಾಳಿಗೆಯ ಮೇಲೆ ನಿಂತು, ಎರಡೂ ಕೈಯಲ್ಲಿ ಆಂಟೆನಾ ಕಂಬ ಹಿಡಿದುಕೊಂಡು.

ಟಿ.ಬಿ. ಡ್ಯಾಂನ, ಅಂದರೆ ತುಂಗಭದ್ರಾ ಅಣೆಕಟ್ಟಿನ, ಸಿಬ್ಬಂದಿ ಕ್ವಾರ್ಟರ್ಸ್‌ನಲ್ಲಿ ನಮ್ಮ ಸಾಲಿಗೆಲ್ಲ ಒಂದೇ ಟಿ.ವಿ. ಇತ್ತು, ಕೊನೆಯ ಮನೆಯ ಇಂಜಿನಿಯರ್ ಸಾಹೇಬರದು. ವಾರಕ್ಕೊಂದು ಸಂಜೆ ಅರ್ಧ ಗಂಟೆ ಕನ್ನಡದಲ್ಲಿ ಮಕ್ಕಳ ಕಾರ್ಯಕ್ರಮ. ಸರಿಯಾಗಿ ಅದೇ ಹೊತ್ತಿಗೆ ಜಲಾಶಯದ ಕಡೆಯಿಂದ ಗಾಳಿ ಎದ್ದು ಆಂಟೆನಾ ಮುಖ ತಿರುಗಿಸಿಬಿಡುತ್ತಿತ್ತು. ಯಾರಾದರೂ ಮೇಲೆ ಹತ್ತಿ ಹಿಡಿದು ನಿಲ್ಲಬೇಕು. ತೂಕ ಕಡಿಮೆ, ಎದುರಾಡುವ ಅಭ್ಯಾಸವೂ ಕಡಿಮೆ ಎಂಬ ಕಾರಣಕ್ಕೆ ಆ ಕೆಲಸ ನನಗೆ ಬಂತು. ನನಗಿಂತ ಐದು ವರ್ಷ ದೊಡ್ಡವಳಾದ ಅಕ್ಕ ಕಿಟಕಿಯ ಪಕ್ಕ ಕೂತು ಕೆಳಗಿನಿಂದ ವರದಿ ಕೊಡುತ್ತಿದ್ದಳು.

"ಬಂತೇನಕ್ಕಾ?"

"ಬಂತ್, ಬಂತ್! ಅಲ್ಲೇ ನಿಂದ್ರು... ಹೋತು! ಲೇ, ಅಲ್ಲಾಡಬ್ಯಾಡ ಅಂದ್ರ ಕುಣೀತಿಯಲ್ಲೋ!"

"ನಾ ಎಲ್ಲಿ ಕುಣೀತೀನಿ, ಗಾಳಿ ಐತಿ!"

"ಗಾಳಿಗೆ ಹೇಳು, ಹಾಡು ಮುಗಿಯೋತನ ತಡಿ ಅಂತ!"

ಕಾರ್ಯಕ್ರಮದ ಕೊನೆಗೆ ಆ ಹಾಡು ಬರುತ್ತಿತ್ತು. ಚೀಲದ ಬಟ್ಟೆಯಲ್ಲಿ ಹೊಲಿದ ಒಂದು ಮೇಕೆಮರಿ ಗೊಂಬೆ, ರಟ್ಟಿನ ಗುಡ್ಡ, ಗುಡ್ಡದ ತುದಿಯಲ್ಲಿ ಹಸಿರು ಹುಲ್ಲು. ಮರಿ ಏರುತ್ತದೆ, ಜಾರುತ್ತದೆ, ಮತ್ತೆ ಏರುತ್ತದೆ. ಮರಿಯ ಒಂದು ಕಿವಿ ದೊಡ್ಡದು, ಇನ್ನೊಂದು ಸಣ್ಣದು ಎಂದು ಅಕ್ಕ ಹೇಳುತ್ತಿದ್ದಳು. ನಾನು ಕಣ್ಣಾರೆ ಕಂಡದ್ದು ಗಾಳಿ ಇಲ್ಲದ ಎರಡು ಮೂರು ಸಂಜೆ ಮಾತ್ರ. ಉಳಿದಂತೆ ನನಗೆ ಆ ಮರಿ ಒಂದು ಧ್ವನಿ. ಆ ರಾಗ ಶುರುವಾದರೆ ಸಾಕು, ಕೈಯಲ್ಲಿದ್ದ ಕಂಬವೇ ಝುಂ ಎನ್ನುತ್ತಿದೆ ಅನಿಸುತ್ತಿತ್ತು. ಕೆಳಗೆ ಹತ್ತು ಹದಿನೈದು ಮಕ್ಕಳು ಒಟ್ಟಿಗೆ ಕೂಗಿ ಹಾಡುತ್ತಿದ್ದರು, ಮೇಲೆ ನಾನೊಬ್ಬನೇ ಹಾಡುತ್ತಿದ್ದೆ.

ನಾವು ಹಾಡುತ್ತಿದ್ದ ಮೂರನೆಯ ಸಾಲು ಇದು: ಜಾರಿದರೆ ನೀರು, ನೀರು.

ಇದರಲ್ಲಿ ಏನಾದರೂ ತಪ್ಪಿರಬಹುದು ಎಂದು ನಮಗ್ಯಾರಿಗೂ ಅನಿಸಲಿಲ್ಲ. ಮನೆಯ ಹಿಂದೆಯೇ ಕಾಲುವೆ. ಅದರ ಕಲ್ಲಿನ ಇಳಿಜಾರಿನ ಮೇಲೆ ಹಸಿರು ಪಾಚಿ. "ಅಲ್ಲಿ ಹೋಗಬ್ಯಾಡ್ರಲೇ, ಜಾರಿದ್ರ ನೀರು" ಎಂದು ನಮ್ಮ ಸಾಲಿನ ತಾಯಂದಿರೆಲ್ಲ ದಿನಕ್ಕೆ ನಾಲ್ಕು ಸಲ ಕೂಗುತ್ತಿದ್ದರು. ಟಿ.ವಿ.ಯವರಿಗೂ ಆ ವಿಷಯ ಗೊತ್ತಿದೆಯಲ್ಲ ಎಂದು ನಮಗೆ ಹೆಮ್ಮೆ!

ಒಬ್ಬಳು ಮಾತ್ರ ಒಪ್ಪಲಿಲ್ಲ. ಪಕ್ಕದ ಮನೆಯ ಹುಡುಗಿ, ಅಕ್ಕನ ತರಗತಿಯವಳು. "ಗುಡ್ಡದ ಮ್ಯಾಲೆ ನೀರು ಎಲ್ಲಿಂದ ಬಂತು? ಅದು ಬ್ಯಾರೆ ಏನೋ ಐತಿ" ಎಂದಳು. ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. "ನಿನಗ ಕಿವಿ ಒಳಗ ಹತ್ತಿ ಐತಿ" ಎಂದಳು. ಇಬ್ಬರೂ ಒಂದು ವಾರ ಮಾತು ಬಿಟ್ಟರು. ಆ ಹುಡುಗಿ ಟಿ.ವಿ. ಕೇಂದ್ರಕ್ಕೇ ಕಾಗದ ಬರೆದು ಕೇಳುತ್ತೇನೆಂದು ಶಪಥ ಮಾಡಿದಳು. ಉತ್ತರ ಬಂದದ್ದನ್ನು ನಾವು ನೋಡಲಿಲ್ಲ. ಅಷ್ಟರಲ್ಲಿ ಅವಳ ತಂದೆಗೆ ವರ್ಗವಾಯಿತು.

ಅಕ್ಕನ ಮಟ್ಟಿಗೆ ಹಾಡು ಕೆಲಸಕ್ಕೆ ಬರುವ ವಸ್ತುವಾಗಿತ್ತು. ಶಾಲೆಯಿಂದ ಹಂಪಿಗೆ ಕರೆದುಕೊಂಡು ಹೋದಾಗ ನಾನು ಒಂದು ಬಂಡೆ ಹತ್ತಿ ಅರ್ಧಕ್ಕೆ ನಿಂತುಬಿಟ್ಟೆ. ಮೇಲೂ ಹೋಗಲಾರೆ, ಕೆಳಗೂ ಇಳಿಯಲಾರೆ. ಮೇಷ್ಟ್ರು ಕೆಳಗೆ ನಿಂತು ದೇವರನ್ನು ಕರೆಯುತ್ತಿದ್ದರು. ಅಕ್ಕ ಮಾತ್ರ ಸೊಂಟಕ್ಕೆ ಕೈ ಕೊಟ್ಟು ಜೋರಾಗಿ ಹಾಡತೊಡಗಿದಳು. "ಜಾರಿದರೆ ನೀರು" ಎಂಬಲ್ಲಿಗೆ ಬಂದಾಗ ನನಗೆ ನಗು ಬಂತು. ಸುಡುವ ಬಂಡೆ, ಸುತ್ತ ಎಲ್ಲೂ ಒಂದು ಹನಿ ನೀರಿಲ್ಲ. ನಗುತ್ತಲೇ ಮೇಲಕ್ಕೆ ಹತ್ತಿಬಿಟ್ಟೆ. ಆ ಹಾಡಿನಿಂದ ನಾನು ಛಲ ಕಲಿತೆ ಎಂದು ಯಾರಾದರೂ ಬರೆದರೆ ನಾನೇ ಅದನ್ನು ತಿದ್ದುತ್ತೇನೆ. ಬಿದ್ದರೆ ಏಳಬೇಕು ಎಂಬುದನ್ನು ನಾವು ಕಲಿಯಲೇ ಇಲ್ಲ. ಬೀಳಬಾರದು, ಬಿದ್ದರೆ ಒದ್ದೆಯಾಗುತ್ತೀ ಎಂದು ಕಲಿತೆವು.

ತಿದ್ದುವುದೇ ಮುಂದೆ ನನ್ನ ಉದ್ಯೋಗವಾಯಿತು. ಹೊಸಪೇಟೆಯಲ್ಲಿ ಪತ್ರಿಕೆಯೊಂದರ ಡೆಸ್ಕ್‌ನಲ್ಲಿ ಕೂತು ಬೇರೆಯವರ ವಾಕ್ಯಗಳಿಂದ ತಪ್ಪು ಹೆಕ್ಕುವುದು. ಅಕ್ಕ ಕಾಲುವೆ ಕಚೇರಿಯಲ್ಲಿ ಗುಮಾಸ್ತೆಯಾದಳು. "ನೀರು ಯಾವಾಗ ಬಿಡ್ತೀರಿ ಮೇಡಂ" ಎಂದು ಫೋನ್ ಮಾಡುವ ರೈತರಿಗೆ ಉತ್ತರ ಕೊಡುವುದು ಅವಳ ಪಾಲಿನ ಕೆಲಸ. ಅವಳ ಮಾತಿನ ವೇಗಕ್ಕೆ ಫೋನೇ ಬಿಸಿಯಾಗುತ್ತದೆ ಎಂದು ಭಾವ ಹೇಳುತ್ತಿದ್ದರು. ಭಾವ ಬಸ್ಸಿನ ಕಂಡಕ್ಟರ್ ಆಗಿದ್ದವರು. ಮನೆಯಲ್ಲಿ ಅಕ್ಕನೆದುರು ಬಾಯಿ ತೆರೆಯಲು ಅವಕಾಶ ಸಿಗುವುದಿಲ್ಲ, ಅದಕ್ಕೇ ಬಸ್ಸಿನಲ್ಲಿ ಅಷ್ಟು ಕೂಗುತ್ತೇನೆ ಎನ್ನುತ್ತಿದ್ದರು.

ಹೋದ ವರ್ಷ ಅಕ್ಕನಿಗೆ ಲಕ್ವ ಹೊಡೆಯಿತು. ಬಲಗೈ ಸೋತಿತು. ಕಾಲು ನಿಧಾನವಾಗಿ ಹಿಂದಿರುಗಿತು. ಮಾತು ಬರಲಿಲ್ಲ. ನಾವು ಹೇಳುವುದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು, ಹೊರಗೆ ಬರುತ್ತಿದ್ದದ್ದು ಬರೀ ಉಸಿರು.

ಮಾತು ಕಲಿಸಲು ವಾರಕ್ಕೆರಡು ದಿನ ಬಳ್ಳಾರಿಯಿಂದ ಬಸ್ಸಿನಲ್ಲಿ ಒಬ್ಬ ಯುವತಿ ಬರುತ್ತಿದ್ದರು. ಚಿತ್ರದ ಕಾರ್ಡುಗಳ ಕಟ್ಟು ತರುತ್ತಿದ್ದರು: ಲೋಟ, ಹಸು, ಮೆಟ್ಟಿಲು, ಬಾಳೆಹಣ್ಣು. ಮೂರು ತಿಂಗಳು ಅಕ್ಕ ಪ್ರಯತ್ನಿಸಿದಳು. ಆಮೇಲೆ ಒಂದು ದಿನ ಎಡಗೈಯಿಂದ ಎಲ್ಲ ಕಾರ್ಡುಗಳನ್ನೂ ಮಗುಚಿ ಹಾಕಿ ಗೋಡೆಯ ಕಡೆ ತಿರುಗಿಕೊಂಡಳು. ಮುಂದಿನ ವಾರವೂ ಹಾಗೆಯೇ. ಅದರ ಮುಂದಿನ ವಾರವೂ.

"ಅವರ ಪ್ರಯತ್ನ ನಿಂತರ ನಾನು ಬಂದು ಏನೂ ಆಗಲ್ಲ ಸರ್" ಎಂದು ಆ ಯುವತಿ ಬಾಗಿಲಲ್ಲಿ ನಿಂತು ನನಗೆ ಹೇಳಿದರು. "ಒಂದು ಕೇಳ್ತೀನಿ. ಅವರು ಸಣ್ಣವರಿದ್ದಾಗ ಬಾಯಿಪಾಠ ಹಾಡ್ತಿದ್ದ ಹಾಡು ಏನಾದರೂ ಐತಾ? ಮಾತು ಬರದವರಿಗೆ ಕೆಲವು ಸಲ ಹಾಡು ಬರ್ತೈತಿ. ದೇವರ ನಾಮ ಬ್ಯಾಡ, ಅದನ್ನ ನೋಡಿದ್ದಾತು."

ಭಾವ ಒಳಗಿನಿಂದಲೇ ಕೂಗಿದರು: "ರೊಟ್ಟಿ ಬಡಿಯುವಾಗ ಗುನುಗ್ತಿದ್ದಳಲ್ಲ, ಅದ್ಯಾವುದೋ ಮರಿ ಹಾಡು!"

ಮರಿ ಹಾಡು! ರಾಗ ಪೂರ್ತಿ ನನ್ನೊಳಗೆ ಇತ್ತು. ಹಾಡಲು ಬಾಯಿ ತೆರೆದೆ. ಬಂದದ್ದು ಮೂರನೆಯ ಸಾಲು ಒಂದೇ. ಹಿಂದಿನದೂ ಇಲ್ಲ, ಮುಂದಿನದೂ ಇಲ್ಲ.

"ಪೂರ್ತಿ ಬೇಕು ಸರ್" ಎಂದರು ಯುವತಿ. "ಮೊದಲಿಂದ ಓಟ ಸಿಕ್ಕರನ ಒಂದರ ಹಿಂದ ಒಂದು ಬರೋದು."

ಅಂದಿನಿಂದ ನಾನು ಡೆಸ್ಕ್ ಬಿಟ್ಟು ವರದಿಗಾರನಾದೆ. ಮೊಬೈಲ್‌ನಲ್ಲಿ ಹುಡುಕಿದೆ. ಆ ಕಾಲದ ಎಷ್ಟೋ ಹಾಡು ಸಿಕ್ಕವು, ಇದು ಸಿಗಲಿಲ್ಲ. ಟಿ.ವಿ. ಕೇಂದ್ರಕ್ಕೆ ಫೋನ್ ಮಾಡಿದೆ. ಬಹಳ ಸೌಜನ್ಯದಿಂದ, ಅಷ್ಟು ಹಳೆಯದು ತಮ್ಮಲ್ಲಿ ಇಲ್ಲ ಎಂದರು. ಉಳಿದದ್ದು ಸಾಕ್ಷಿಗಳು ಮಾತ್ರ. ಆ ಟಿ.ವಿ. ಮುಂದೆ ಕೂತಿದ್ದವರಲ್ಲಿ ನನ್ನ ಕೈಗೆ ಸಿಗುವವನು ಒಬ್ಬನಿದ್ದ. ನಮ್ಮ ಸಾಲಿನ ಹಳೆಯ ಗೆಳೆಯ, ತಂದೆಗೆ ಕಂಪ್ಲಿಗೆ ವರ್ಗವಾದ ಮೇಲೆ ಅಲ್ಲೇ ನೆಲೆಸಿ ಭತ್ತ ಬೆಳೆಯುತ್ತಿದ್ದಾನೆ. ರಜೆ ಹಾಕಿ ಬೈಕ್ ಹತ್ತಿದೆ. ಬುಕ್ಕಸಾಗರ ದಾಟುವಾಗ ಎರಡೂ ಬದಿಯ ಗದ್ದೆಗಳಲ್ಲಿ ನೀರು ತುಂಬಿತ್ತು. ಹೆಲ್ಮೆಟ್ ಒಳಗೆ ನಾನು ಅದೇ ಒಂದು ಸಾಲನ್ನು ಹಾಡುತ್ತಾ ಹೋದೆ.

ಗೆಳೆಯ ಬದುವಿನ ಮೇಲೆ ಸಿಕ್ಕ. ನಾನು ಬಂದ ಕಾರಣ ಹೇಳಿ ಮುಗಿಸುವ ಮೊದಲೇ ಅವನು ಕೈಯೆತ್ತಿ ಶುರುಮಾಡಿಬಿಟ್ಟ:

"ಗುಡ್ಡದ ಮ್ಯಾಲೆ ಗರಿಕೆ ಹಸಿರು..."

ನಾನು ಅಲ್ಲೇ ಕೂಗಿಬಿಟ್ಟೆ. ಮೊದಲ ಸಾಲು! ಮೂವತ್ತೈದು ವರ್ಷ ಹಳೆಯ ಸಾಲು, ಮಣ್ಣು ಮೆತ್ತಿದ ಕಾಲಿನ ಮನುಷ್ಯನ ಬಾಯಲ್ಲಿ, ಒಂದು ಅಕ್ಷರವೂ ಬಾಡದೆ. ಎರಡನೆಯ ಸಾಲಿಗೆ ಅವನು "ನಾನನ ನಾನನ" ಎಂದ. ಮೂರನೆಯದನ್ನು ಮತ್ತೆ ಗಟ್ಟಿಯಾಗಿ ಹಾಡಿದ:

"ಜಾರಿದರೆ ನಾರು, ನಾರು!"

"ಏನಂದಿ?"

"ನಾರು."

"ನೀರು ಅಲ್ಲೇನಲೇ?"

"ನಿಮ್ಮ ಡ್ಯಾಂನ್ಯಾಗ ನೀರು ಇರಬಹುದು. ಇಲ್ಲಿ ನಾರು. ಈ ಬದುವಿನ ಮ್ಯಾಲಿಂದ ಜಾರಿದ್ರ ಎಲ್ಲಿ ಬೀಳ್ತಿ? ನಾರಿನ್ಯಾಗ. ಮಡಿ ತುಳಿದ್ರಿ ಅಂತ ಮಾಲೀಕ ಬಾರಕೋಲು ಹಿಡ್ಕಂಡು ಬರ್ತಿದ್ದ. ಅದಕ್ಕ ಹಾಡು ಕಟ್ಯಾರ."

ನಾರು ಎಂದರೆ ತೆಲುಗಿನಲ್ಲಿ ಭತ್ತದ ಸಸಿ. ವರ್ಗವಾಗಿ ಬಂದ ಮೇಲೆ ಅವನು ಆ ಕಾರ್ಯಕ್ರಮ ನೋಡಿದ್ದು ತೆಲುಗು ಮಾತಾಡುವ ರೈತರ ಮನೆಯಲ್ಲಿ. ಅಲ್ಲಿನ ಮಕ್ಕಳೆಲ್ಲ ಹೀಗೆಯೇ ಹಾಡುತ್ತಿದ್ದರಂತೆ. ಆ ಮನೆಯ ಮಗಳೇ ಈಗ ಅವನ ಹೆಂಡತಿ. ಆಕೆ ಬುತ್ತಿ ತಂದವರು ನಮ್ಮ ಜಗಳ ಕೇಳಿ ನಿಂತರು.

"ನಾರೇ ರೀ ಅಣ್ಣಾರ. ನಾನೇ ಇವರಿಗೆ ಕಲಿಸಿದ್ದು."

"ನೋಡಿದ್ಯಾ? ಸಾಕ್ಷಿ!" ಎಂದ ಗೆಳೆಯ.

"ಕಲಿಸಿದಾಕಿನ ಸಾಕ್ಷಿ ಹೇಳಿದ್ರ ಅದು ಪುರಾವೆ ಅಲ್ಲಪ್ಪ" ಎಂದೆ.

"ಪೇಪರ್‌ನವನ ಸಹವಾಸ ಬ್ಯಾಡ" ಎಂದು ಅವನು ಬುತ್ತಿ ಬಿಚ್ಚಿದ. ತುತ್ತಿನ ನಡುವೆ ತಟ್ಟನೆ ತಲೆಯೆತ್ತಿದ. "ಲೇ, ನಿಮ್ಮಕ್ಕನ ಜೊತಿ ಜಗಳ ಆಡಿ ಟಿ.ವಿ.ಗೆ ಕಾಗದ ಬರೆದಾಕಿ ಇದ್ದಳಲ್ಲ? ಆಕಿನ್ನ ಕೇಳು. ಈಗ ಸಂಡೂರ ಕಡೆ, ಯಶವಂತನಗರದಾಗ ಇದ್ದಾಳ. ಹೋದ ಸಲ ಒಂದು ಮದುವ್ಯಾಗ ಸಿಕ್ಕಿದ್ಲು."

ಮರುದಿನವೇ ಹೊರಟೆ. ಅದಿರಿನ ಲಾರಿಗಳ ಹಿಂದೆ ಬೈಕ್ ಓಡಿಸಿ ಯಶವಂತನಗರ ತಲುಪುವಾಗ ನನ್ನ ಬಿಳಿ ಅಂಗಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಕಾಗದ ಬರೆದಾಕೆ ಈಗ ಅಲ್ಲಿಯ ಅಂಗನವಾಡಿ ಟೀಚರ್. ಗಂಡ ಗಣಿಯ ವರ್ಕ್‌ಶಾಪಿನಲ್ಲಿದ್ದಾರೆ. ನನ್ನನ್ನು ಗುರುತಿಸಲು ಆಕೆಗೆ ಸ್ವಲ್ಪ ಹೊತ್ತಾಯಿತು. ಗುರುತಾದ ಮೇಲೆ ನಕ್ಕಿದ್ದೇ ನಕ್ಕಿದ್ದು.

"ಆಂಟೆನಾ! ಬರ್ರಿ, ಬರ್ರಿ, ಕುಂದ್ರಿ. ಇನ್ನೂ ಅಲ್ಲಾಡ್ತೀರೇನು?"

ಅಕ್ಕನ ವಿಷಯ ಹೇಳಿದಾಗ ಆಕೆಯ ನಗು ನಿಂತಿತು. ಒಳಗೆ ಹೋಗಿ ಹಳೆಯ ಶಾಲಾ ಅಟ್ಲಾಸ್ ತಂದರು. ಅದರ ಹಿಂದಿನ ರಟ್ಟಿಗೆ ಟಿ.ವಿ. ಕೇಂದ್ರದಿಂದ ಬಂದ ಒಂದು ಅಂಚೆ ಕಾರ್ಡು ಅಂಟಿಸಿತ್ತು. ಮಸುಕಾದ ಶಾಯಿ, ಟೈಪು ಮಾಡಿದ ನಾಲ್ಕೇ ಸಾಲು:

ಗುಡ್ಡದ ಮೇಲೆ ಗರಿಕೆ ಹಸಿರು
ಪುಟ್ಟ ಮರಿಗೆ ಏದುಸಿರು
ಜಾರಿದರೇನ್? ಏರು, ಏರು
ಮೆಲ್ಲಗೆ ಮತ್ತೆ ಏರು

ಎರಡು ಸಲ ಓದಿದೆ. ಮೂರನೆಯ ಸಲ ರಾಗಕ್ಕೆ ಕೂಡಿಸಿ ಹಾಡಿದೆ. ಜಾರಿದರೇನ್ ಏರು. ಜಾರಿದರೇ ನೇರು. ಜಾರಿದರೆ ನೀರು. ಎಳೆದು ಹಾಡುವಾಗ ಆ ಒಂದು 'ನ್' ಹಿಂದಿನ ಪದ ಬಿಟ್ಟು ಮುಂದಿನದಕ್ಕೆ ಅಂಟಿಕೊಂಡಿತ್ತು. ಕಾಲುವೆ ಬದಿಯ ಮಕ್ಕಳಿಗೆ ಅದು ನೀರಾಯಿತು, ಗದ್ದೆ ಬದಿಯ ಮಕ್ಕಳಿಗೆ ನಾರಾಯಿತು. ನನಗೆ ಕುಣಿಯಬೇಕು ಅನಿಸಿತು. ಇಷ್ಟು ವರ್ಷದ ಕೆಲಸದಲ್ಲಿ ಇಷ್ಟು ಸೊಗಸಾದ ತಪ್ಪು ನನ್ನ ಕೈಗೆ ಸಿಕ್ಕಿದ್ದಿಲ್ಲ!

"ಇದು ಬಂದಾಗ ನಿಮ್ಮಕ್ಕಗ ಕಳಿಸಬೇಕು ಅಂತ ಇದ್ದೆ" ಎಂದರು ಆಕೆ. "ಆಮ್ಯಾಲೆ ಅನಿಸ್ತು, ಗೆದ್ದು ಏನು ಮಾಡ್ಲಿ, ಜೊತೀಗೆ ಆಡಾಕ ಆಕಿನ ಇಲ್ಲಲ್ಲ ಅಂತ. ತಮ್ಮಾ, ಒಂದು ಮಾತು. 'ನೀನು ತಪ್ಪು ಹಾಡಿದ್ದಿ' ಅಂತ ಆಕಿ ಮುಂದ ಹೇಳಬ್ಯಾಡ. ಭಾಳ ಸಿಟ್ಟಿನಾಕಿ."

ನಾನು ಆಗಲಿ ಎಂದೆ. ಆದರೆ ಅಸಲು ಪ್ರತಿ ಕೈಯಲ್ಲಿತ್ತು. ಅಸಲು ಪ್ರತಿ ಕೈಯಲ್ಲಿರುವಾಗ ತಪ್ಪು ಪಾಠ ಬಳಸುವುದು ನಮ್ಮ ವೃತ್ತಿಯಲ್ಲಿ ಇಲ್ಲ. ಆಕೆ ಅಟ್ಲಾಸ್ ಸಮೇತ ಕೊಟ್ಟರು.

ಯುವತಿ ಬರುವ ದಿನ ಮಧ್ಯಾಹ್ನ ನಾನು ಅಕ್ಕನ ಮಂಚದ ಎದುರು ಕುರ್ಚಿ ಎಳೆದುಕೊಂಡು ಕೂತೆ. ಅಕ್ಕ ಗೋಡೆ ನೋಡುತ್ತಿದ್ದಳು. ಕಾರ್ಡುಗಳ ಕಟ್ಟು ಬೆನ್ನು ಮೇಲಾಗಿ ಮಂಚದ ಮೇಲಿತ್ತು. ಯುವತಿ ತಲೆಯಾಡಿಸಿ ಶುರುಮಾಡಿ ಎಂದರು. ಭಾವ ಬಾಗಿಲ ಚೌಕಟ್ಟಿಗೆ ಒರಗಿ ನಿಂತರು.

ಮೊದಲ ಸಾಲು ಹಾಡಿದೆ.

ಅಕ್ಕನ ಕುತ್ತಿಗೆ ತಿರುಗಿತು. ಸುಮ್ಮನೆ ಅಲ್ಲ, ಯಾರೋ ಹೆಸರು ಹಿಡಿದು ಕರೆದ ಹಾಗೆ ತಿರುಗಿತು. ಯುವತಿ ನನ್ನ ತೋಳು ಹಿಡಿದರು. ಎರಡನೆಯ ಸಾಲಿಗೆ ಅಕ್ಕನ ಗಂಟಲಿನಿಂದ ರಾಗ ಬಂತು. ಪದವಿಲ್ಲದ, ಒಡಕು, ಆದರೆ ಅದೇ ರಾಗ! ಭಾವ ಎರಡು ಹೆಜ್ಜೆ ಒಳಗೆ ಬಂದರು. ಮೂರನೆಯ ಸಾಲಿಗೆ ಬಂದೆ. ಜಾರಿದರೇನ್? ಏರು, ಏರು.

ರಾಗ ನಿಂತಿತು. ಅಕ್ಕ ಹುಬ್ಬು ಗಂಟಿಕ್ಕಿ ನನ್ನನ್ನು ನೋಡಿದಳು.

ಕೇಳಿಸಲಿಲ್ಲವೇನೋ ಎಂದುಕೊಂಡು ಮತ್ತೆ ಹಾಡಿದೆ, 'ಏರು' ಎಂಬುದನ್ನು ಇನ್ನಷ್ಟು ಬಿಡಿಸಿ. ಅವಳು ಬಲವಾಗಿ ತಲೆ ಅಲ್ಲಾಡಿಸಿದಳು. ಅಷ್ಟಕ್ಕೆ ಬಿಡಬೇಕಿತ್ತು. ಕೊಟ್ಟ ಮಾತು ಮರೆತು ಅಟ್ಲಾಸ್ ತೆರೆದೆ. ಕಾರ್ಡಿನ ಮೇಲೆ ಬೆರಳಿಟ್ಟು "ನೋಡಕ್ಕಾ, ಅವರೇ ಬರೆದು ಕಳಿಸ್ಯಾರ, ಅದು 'ಏರು' ಅಂತ ಐತಿ, ನಾವು ತಪ್ಪು..." ಎಂದೆ.

ಎಡಗೈ ಬೀಸಿತು. ಅಟ್ಲಾಸ್ ನೆಲಕ್ಕೆ ಬಿತ್ತು. ಅಂಗೈ ಮಂಚದ ಪಟ್ಟಿಯ ಮೇಲೆ ಪಟ್ ಎಂದು ಬಡಿಯಿತು. ಮುಖ ಕೆಂಪಾಯಿತು, ತುಟಿ ಎಲ್ಲೆಲ್ಲಿಗೋ ಎಳೆಯಿತು.

"ನೀ... ನೀ..."

ಯುವತಿ ಮುಂದಕ್ಕೆ ಬಾಗಿದರು.

"ನೀರು!"

"ಹೋಲ್ಡಾನ್!" ಎಂದು ಭಾವ ಬಸ್ಸು ನಿಲ್ಲಿಸುವ ಹಾಗೆ ಕೂಗಿದರು. ಯಾರಿಗೆ ಕೂಗಿದರೋ ಅವರಿಗೇ ಗೊತ್ತಿಲ್ಲ. ಅಡುಗೆಮನೆಗೆ ಓಡಿ ತುಂಬಿದ ಚೊಂಬಿನ ಸಮೇತ ಬಂದರು. ಅರ್ಧ ನೀರು ದಾರಿಯಲ್ಲೇ ಚೆಲ್ಲಿತ್ತು. "ತಗಾ, ಕುಡಿ. ಮಾತು ಬಂತಲ್ಲ! ನೀರು ಕೇಳಿದ್ಲು ನೋಡ್ರಿ ಮೇಡಂ, ನೀರು ಕೇಳಿದ್ಲು!"

ಅಕ್ಕ ಚೊಂಬನ್ನು ಮೊಣಕೈಯಿಂದ ದೂಡಿದಳು. ನನ್ನ ಕಡೆಯೇ ನೋಡುತ್ತಾ, ಇನ್ನೂ ಸಿಟ್ಟಿನಿಂದ, "ನೀರು!" ಎಂದಳು.

"ಇಲ್ಲೇ ಐತಲ್ಲೇ, ಕುಡಿ ಅಂದ್ರ..." ಎಂದರು ಭಾವ.

"ಅವರಿಗೆ ಬಾಯಾರಿಲ್ಲ ಸರ್" ಎಂದರು ಯುವತಿ. ಅವರ ಕಣ್ಣುಗಳು ಹೊಳೆಯುತ್ತಿದ್ದವು. "ಅವರು ನಿಮ್ಮನ್ನ ತಿದ್ದಾಕತ್ಯಾರ. ತಪ್ಪೇ ಹಾಡ್ರಿ. ಹಾಡಿ, ಆ ಪದ ಬಿಟ್ಟುಬಿಡ್ರಿ."

ಹಾಡಿದೆ. ಗುಡ್ಡದ ಮೇಲೆ ಗರಿಕೆ ಹಸಿರು, ಪುಟ್ಟ ಮರಿಗೆ ಏದುಸಿರು, ಜಾರಿದರೆ... ನಿಲ್ಲಿಸಿದೆ.

"ನೀರು" ಎಂದಳು ಅಕ್ಕ. ಈ ಸಲ ರಾಗದಲ್ಲಿ. ಎರಡನೆಯ 'ನೀರು' ಕೂಡ ಅವಳೇ ಹಾಡಿದಳು.

ಮತ್ತೆ ಮೊದಲಿಂದ. ಮತ್ತೆ ಮೊದಲಿಂದ. ಎಷ್ಟು ಸಲ ಎಂದು ಯಾರೂ ಲೆಕ್ಕ ಇಡಲಿಲ್ಲ. ಒಂದು ಸುತ್ತಿನಲ್ಲಿ ಯುವತಿಯೂ ಸೇರಿದರು, ಇನ್ನೊಂದರಲ್ಲಿ ಭಾವ ರಾಗ ತಪ್ಪಿ ಸೇರಿದರು. ಅವರ ರಾಗ ಕೇಳಿ ಅಕ್ಕನ ಬಾಯಿ ಒಂದು ಬದಿಗೆ ವಾರೆಯಾಯಿತು. ಅದು ನಗು. ಕೊನೆಯ ಸುತ್ತಿನಲ್ಲಿ ನಾನು ಬೇಕೆಂದೇ, ಮೆತ್ತಗೆ, "ಏರು" ಎಂದು ನೋಡಿದೆ.

"ಲೇ!" ಎಂದಳು ಅಕ್ಕ.

ಸ್ಪಷ್ಟವಾಗಿ, ಹಳೆಯ ವೇಗದಲ್ಲಿ. ಮಾಳಿಗೆಯ ಕೆಳಗಿನಿಂದ ಕೂಗುತ್ತಿದ್ದ ಅದೇ ಲೇ.

ಹಾಡಿ ಹಾಡಿ ಗಂಟಲು ಒಣಗಿತ್ತು. ಚೊಂಬಿನಲ್ಲಿ ಉಳಿದಿದ್ದ ನೀರನ್ನು ನಾನೇ ಕುಡಿದೆ. ಕುಡಿದು ಚೊಂಬು ಕೆಳಗಿಡುವಾಗ ನೋಡಿದರೆ, ಅಕ್ಕ ಎಡಗೈಯಿಂದ ಕಾರ್ಡುಗಳ ಕಟ್ಟನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದಳು. ಒಂದು ಕಾರ್ಡು ಬೆರಳಿಗೆ ಸಿಗದೆ ಜಾರಿತು. ಯುವತಿ ಸಹಾಯಕ್ಕೆ ಬಾಗಿದರು. ಅಕ್ಕ ಬೇಡವೆಂದು ಕೈಯಾಡಿಸಿ, ಉಗುರಿನ ತುದಿಯಿಂದ ಮತ್ತೆ ಎತ್ತಿ, ಚಿತ್ರ ಮೇಲಾಗಿ ತಿರುಗಿಸಿದಳು.